ಆಮ್‌ಸ್ಟರ್‌ಡ್ಯಾಮ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಮೂರು ಗಂಟೆ: '1928ರ ನಡಿಗೆ'ಯ ವಿಮರ್ಶೆ

ನಾವು ವಾಸವಾಗಿರುವ ಆಮ್‌ಸ್ಟೆಲ್‌ವೇನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ನ ಒಲಿಂಪಿಕ್ ಕ್ರೀಡಾಂಗಣಕ್ಕೆ ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ಆರು ವರ್ಷಗಳಿಂದ ವಾರಕ್ಕೆರಡು ಬಾರಿಯಾದರೂ ಅದರ ಇಟ್ಟಿಗೆ ಗೋಡೆಯನ್ನು ಹಾದು ಹೋಗುತ್ತಿದ್ದರೂ ಒಳಗೆ ಹೋಗಿ ನೋಡಬೇಕೆಂದು ನನಗೆ ಅನ್ನಿಸಿರಲಿಲ್ಲ. ಕಳೆದ ಜೂನ್‌ನಲ್ಲಿ ಸೋಮವಾರಪೇಟೆಯಿಂದ ಮಾವನವರು ನಮ್ಮ ಮನೆಗೆ ಬಂದರು. ಬಂದ ಮೂರನೆಯ ದಿನವೇ, "ಭಾರತ ಮೊದಲ ಚಿನ್ನ ಗೆದ್ದ ಮೈದಾನ ಇದೇ ಊರಿನಲ್ಲಿದೆಯಲ್ಲ, ಅದನ್ನೊಮ್ಮೆ ನೋಡಬೇಕು" ಎಂದು ಕೇಳಿದರು. ಕೊಡಗಿನ ಹಾಕಿ ಪ್ರೇಮಿಯೊಬ್ಬರು ಅಷ್ಟು ದೂರದಿಂದ ಬಂದು ಕೇಳಿದ ಮೇಲೆ, ಹೊರಗಿನಿಂದ ತೋರಿಸಿ ಕರೆತರುವುದು ಸರಿಯಲ್ಲವೆನಿಸಿ, ಆ ಕ್ರೀಡಾಂಗಣವನ್ನೂ ಅಲ್ಲಿ ಒಲಿಂಪಿಕ್ಸ್ ನಡೆದ 1928ನೆಯ ವರ್ಷವನ್ನೂ ವಿವರಿಸುವ ಕಾಲ್ನಡಿಗೆಯ ಪ್ರವಾಸವೊಂದಕ್ಕೆ ನಾಲ್ವರ ಹೆಸರನ್ನು ನೋಂದಾಯಿಸಿದೆ. ಇಲ್ಲಿ ನೆಲೆಸಿರುವ ಕನ್ನಡಿಗರಿಗೂ ಯುರೋಪಿನ ಪ್ರವಾಸಕ್ಕೆ ಬರುವವರಿಗೂ ಅದು ಉಪಯೋಗಕ್ಕೆ ಬರಬಹುದೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ನಡಿಗೆಯನ್ನು ನಡೆಸುವವರು ನಿವೃತ್ತ ಇತಿಹಾಸ ಶಿಕ್ಷಕರೊಬ್ಬರು. ಯಾವ ಸಂಸ್ಥೆಯ ಪರವಾಗಿಯೂ ಅಲ್ಲದೆ ಸ್ವಂತ ಆಸಕ್ತಿಯಿಂದ ಬೇಸಿಗೆಯ ಶನಿವಾರಗಳಲ್ಲಿ ಸಣ್ಣ ಗುಂಪುಗಳನ್ನು ಕರೆದೊಯ್ಯುತ್ತಾರೆ. ತಲಾ 20 ಯೂರೊ, ಮಕ್ಕಳಿಗೆ ಅರ್ಧ ದರ; ವಿವರಣೆ ಇಂಗ್ಲಿಷಿನಲ್ಲಿ; ಅವಧಿ ಎರಡೂವರೆ ಗಂಟೆ ಎಂದು ಹೇಳಿದ್ದರೂ ನಮ್ಮ ದಿನ ಅದು ಮೂರು ಗಂಟೆಗೆ ಬೆಳೆಯಿತು. ನಾವು ಒಂಬತ್ತು ಮಂದಿ ಇದ್ದೆವು. ಈ ಪ್ರವಾಸದ ವಿಶೇಷವೆಂದರೆ ಅವರು ತಾವೇ ತಯಾರಿಸಿ ತರುವ ಹನ್ನೆರಡು ದಪ್ಪ ಕಾಗದದ ಚೀಟಿಗಳು. 1928ರ ಒಂದೊಂದು ತಿಂಗಳಿಗೆ ಒಂದೊಂದು ಚೀಟಿ; ಆ ತಿಂಗಳಲ್ಲಿ ಜಗತ್ತಿನ ಬೇರೆ ಬೇರೆ ಮೈದಾನಗಳಲ್ಲಿ ಬಂದ ಫಲಿತಾಂಶಗಳು ಅದರಲ್ಲಿರುತ್ತವೆ. ನಿಲ್ಲುವ ಪ್ರತಿ ತಾಣದಲ್ಲಿಯೂ ಒಬ್ಬರ ಕೈಗೆ ಒಂದು ಚೀಟಿಯನ್ನು ಕೊಟ್ಟು ಗಟ್ಟಿಯಾಗಿ ಓದಿಸುತ್ತಾರೆ. ಒಲಿಂಪಿಕ್ ಕೂಟ ಮುಗಿದುಹೋದ ಒಂದು ಹಬ್ಬವಾಗಿ ಮಾತ್ರ ಕಾಣದೆ, ಎರಡು ಮಹಾಯುದ್ಧಗಳ ನಡುವಿನ ಒಂದು ಪೂರ್ತಿ ವರ್ಷದ ಆಟೋಟಗಳ ಮಧ್ಯೆ ಅದು ಎಲ್ಲಿತ್ತು ಎಂಬುದು ತಿಳಿಯುವುದು ಈ ಕ್ರಮದಿಂದ. ಇಂಥ ಯೋಚನೆ ಬೇರೆ ಯಾವ ಕ್ರೀಡಾಂಗಣದ ಪ್ರವಾಸದಲ್ಲಿಯೂ ನನಗೆ ಸಿಕ್ಕಿಲ್ಲ.

ನಡಿಗೆ ಆರಂಭವಾಗುವುದು ಮ್ಯಾರಥಾನ್ ಗೋಪುರದ ಬುಡದಲ್ಲಿ. 46 ಮೀಟರ್ ಎತ್ತರದ ಈ ಇಟ್ಟಿಗೆಯ ಗೋಪುರದ ತುದಿಯಲ್ಲಿ ಬೋಗುಣಿಯಂಥ ಪಾತ್ರೆಯೊಂದಿದೆ. 1928ರ ಜುಲೈ 28ರಂದು ಆಧುನಿಕ ಒಲಿಂಪಿಕ್ಸಿನ ಮೊಟ್ಟಮೊದಲ ಜ್ಯೋತಿ ಉರಿದದ್ದು ಅದರಲ್ಲಿ. ಗ್ರೀಸಿನಿಂದ ಪಂಜು ಹಿಡಿದು ಓಡಿಬರುವ ಪದ್ಧತಿ ಆಗಿನ್ನೂ ಇರಲಿಲ್ಲ. ಅದು ಬಂದದ್ದು 1936ರ ಬರ್ಲಿನ್ ಕೂಟದಲ್ಲಿ. ಕ್ರೀಡಾಂಗಣದ ವಾಸ್ತುಶಿಲ್ಪಿ ಯಾನ್ ವಿಲ್ಸ್. ಆ ದಿನಗಳಲ್ಲಿ ಒಲಿಂಪಿಕ್ಸಿನ ಜೊತೆಯಲ್ಲೇ ಕಲೆಗಳ ಸ್ಪರ್ಧೆಗಳೂ ನಡೆಯುತ್ತಿದ್ದವು; ಇದೇ ಕಟ್ಟಡದ ವಿನ್ಯಾಸಕ್ಕಾಗಿ ವಿಲ್ಸ್ ಅವರಿಗೆ ವಾಸ್ತುಶಿಲ್ಪ ವಿಭಾಗದ ಚಿನ್ನದ ಪದಕ ಬಂದಿತು. ತಾನು ಕಟ್ಟಿದ ಅಂಗಳದ ಕೂಟದಲ್ಲಿಯೇ ತಾನೂ ಪದಕ ಪಡೆದ ಮನುಷ್ಯನ ಕಥೆಯನ್ನು ಮಾರ್ಗದರ್ಶಿಗಳು ಬಹಳ ಪ್ರೀತಿಯಿಂದ ಹೇಳಿದರು. 1937ರಲ್ಲಿ ಕಾಂಕ್ರೀಟಿನ ಎರಡನೆಯ ಸುತ್ತು ಸೇರಿಸಿ ಪ್ರೇಕ್ಷಕರ ಜಾಗವನ್ನು ದುಪ್ಪಟ್ಟು ಮಾಡಿದ್ದು, ಮುಂದೆ ಇಡೀ ಕ್ರೀಡಾಂಗಣವನ್ನೇ ಕೆಡವುವ ಮಾತು ಬಂದದ್ದು, ಅದನ್ನು ಸ್ಮಾರಕವೆಂದು ಉಳಿಸಿಕೊಂಡು 2000ದ ಹೊತ್ತಿಗೆ ಆ ಹೆಚ್ಚುವರಿ ಸುತ್ತನ್ನು ತೆಗೆದು ಮೂಲ ರೂಪಕ್ಕೆ ತಂದದ್ದು, ಇವೆಲ್ಲವನ್ನೂ ಅವರು ಹತ್ತು ನಿಮಿಷದಲ್ಲಿ ಮುಗಿಸಿದರು. ಕಟ್ಟಡ ಕಲೆಯಲ್ಲಿ ಆಸಕ್ತಿ ಇರುವವರಿಗೆ ಇದು ಕಡಿಮೆ ಎನ್ನಿಸಬಹುದು, ನನಗೆ ಸಾಕಾಯಿತು.

ಒಳಗೆ ಓಟದ ಪಥದ ಅಂಚಿನಲ್ಲಿ ನಿಂತಾಗ ನಡಿಗೆಯ ನಿಜವಾದ ತೂಕ ತಿಳಿಯಿತು. 400 ಮೀಟರಿನ ಪಥ ಒಲಿಂಪಿಕ್ಸಿನಲ್ಲಿ ರೂಢಿಯಾದದ್ದು ಇಲ್ಲಿಂದ. ಮಹಿಳೆಯರಿಗೆ ಅಥ್ಲೆಟಿಕ್ಸಿನಲ್ಲಿ ಪ್ರವೇಶ ದೊರೆತದ್ದೂ ಇಲ್ಲಿಯೇ, ಅದೂ ಐದೇ ಸ್ಪರ್ಧೆಗಳಲ್ಲಿ: 100 ಮೀಟರ್, 800 ಮೀಟರ್, ಎತ್ತರ ಜಿಗಿತ, ಡಿಸ್ಕಸ್ ಎಸೆತ ಮತ್ತು ರಿಲೇ. ಜುಲೈ 31ರಂದು ಪೋಲೆಂಡಿನ ಹಾಲಿನಾ ಕೊನೊಪಾಟ್ಸ್ಕಾ ಡಿಸ್ಕಸ್ ಅನ್ನು 39.62 ಮೀಟರ್ ದೂರ ಎಸೆದು ಮಹಿಳಾ ಅಥ್ಲೆಟಿಕ್ಸಿನ ಮೊದಲ ಒಲಿಂಪಿಕ್ ಚಿನ್ನವನ್ನು ಪಡೆದರು. ಅದೇ ದಿನ ಅಮೆರಿಕದ ಹದಿನಾರು ವರ್ಷದ ಬೆಟ್ಟಿ ರಾಬಿನ್ಸನ್ 100 ಮೀಟರನ್ನು 12.2 ಸೆಕೆಂಡಿನಲ್ಲಿ ಗೆದ್ದರು. ಮೂರು ವರ್ಷಗಳ ನಂತರ ವಿಮಾನ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಈಕೆ ಮತ್ತೆ ಓಡಲು ಕಲಿತು 1936ರಲ್ಲಿ ಬರ್ಲಿನ್‌ನಲ್ಲಿ ರಿಲೇ ಚಿನ್ನ ಗೆದ್ದರು ಎಂಬುದನ್ನು ಕೇಳಿದಾಗ, ಹದಿಮೂರು ವರ್ಷದ ನನ್ನ ಮಗಳು ಆ ಹೆಸರನ್ನು ತನ್ನ ಫೋನಿನಲ್ಲಿ ಬರೆದುಕೊಂಡಳು.

ಆದರೆ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಆಗಸ್ಟ್ 2ರ ಕಥೆ. ಅಂದು ಮಹಿಳೆಯರ 800 ಮೀಟರ್ ಅಂತಿಮ ಓಟದಲ್ಲಿ ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನ ವಿಶ್ವ ದಾಖಲೆಯೊಂದಿಗೆ ಗೆದ್ದರು. ಜಪಾನಿನ ಕಿನುಎ ಹಿತೊಮಿ ಎರಡನೆಯವರಾಗಿ, ಒಲಿಂಪಿಕ್ ಪದಕ ಪಡೆದ ಜಪಾನಿನ ಮೊದಲ ಮಹಿಳೆಯಾದರು. ಹಿತೊಮಿ ನಂಬಿಕೆ ಇಟ್ಟಿದ್ದು 100 ಮೀಟರಿನ ಮೇಲೆ. ಅದರಲ್ಲಿ ಅಂತಿಮ ಸುತ್ತಿಗೆ ಬರಲಾಗದೆ, ಬರಿಗೈಯಲ್ಲಿ ಊರಿಗೆ ಹೋಗಲಾರದೆ ತನಗೆ ಒಗ್ಗದ ದೂರಕ್ಕೆ ನಿಂತ ಹುಡುಗಿ ಆಕೆ. ಓಟದ ಕೊನೆಯಲ್ಲಿ ದಣಿದು ಕುಸಿದವರನ್ನು ನೋಡಿ ಅಂದಿನ ಪತ್ರಿಕೆಗಳು ಬೊಬ್ಬೆ ಹಾಕಿದವು. ಅರ್ಧಕ್ಕರ್ಧ ಓಟಗಾರ್ತಿಯರು ನಡುವೆಯೇ ಬಿದ್ದುಹೋದರೆಂದೂ ಇಂಥ ಓಟ ಹೆಣ್ಣಿನ ದೇಹಕ್ಕೆ ಸಲ್ಲದೆಂದೂ ಬರೆದವು. ಅಂತಿಮ ಓಟಕ್ಕೆ ನಿಂತ ಒಂಬತ್ತು ಮಂದಿಯೂ ಗುರಿ ಮುಟ್ಟಿದ್ದರು. ಆದರೂ ಆ ಬರಹಗಳ ಮಾತೇ ನಡೆಯಿತು. 1960ರ ರೋಮ್ ಕೂಟದವರೆಗೆ ಮಹಿಳೆಯರಿಗೆ 800 ಮೀಟರ್ ಓಟವೇ ಇರಲಿಲ್ಲ. ಮಾರ್ಗದರ್ಶಿಗಳು ನಮ್ಮನ್ನು ಆ ಓಟ ಮುಗಿದ ನೇರ ಪಥದುದ್ದಕ್ಕೂ ನಿಧಾನವಾಗಿ ನಡೆಸಿದರು. ಸುಳ್ಳು ವರದಿಯೊಂದು ಎರಡು ತಲೆಮಾರಿನ ಹೆಣ್ಣುಮಕ್ಕಳ ದಾರಿಯನ್ನು ಹೇಗೆ ಮುಚ್ಚಿತು ಎಂಬುದನ್ನು ಅವರು ದನಿ ಏರಿಸದೆ ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. ಹಿತೊಮಿ ತೀರಿಕೊಂಡದ್ದು 1931ರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ಆ ದಿನವೂ ಆಗಸ್ಟ್ 2.

ಅದೇ 1928ರ ಆಗಸ್ಟ್ 2ರಂದು, ಇದೇ ಅಂಗಳದ ಮರಳಿನ ಹೊಂಡದಲ್ಲಿ ಜಪಾನಿನ ಮಿಕಿಯೊ ಓಡಾ ತ್ರಿವಿಧ ಜಿಗಿತದಲ್ಲಿ 15.21 ಮೀಟರ್ ಹಾರಿ, ಒಲಿಂಪಿಕ್ಸಿನ ವೈಯಕ್ತಿಕ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಏಷ್ಯಾದ ಮೊದಲಿಗರಾದರು. ಮುಂದೆ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನೆಟ್ಟ ಧ್ವಜಸ್ತಂಭವೊಂದರ ಎತ್ತರವನ್ನು ಅವರ ನೆನಪಿಗಾಗಿ 15.21 ಮೀಟರಿಗೆ ಇಟ್ಟಿದ್ದರು. ವಾರ ಕಳೆಯುವಷ್ಟರಲ್ಲಿ ಅದೇ ದೇಶದ ಯೋಶಿಯುಕಿ ತ್ಸುರುತಾ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿನಲ್ಲಿ ಗೆದ್ದರು. ಆ ಸ್ಪರ್ಧೆಯ ಕಂಚು ಫಿಲಿಪ್ಪೀನ್ಸಿನ ತೆಯೊಫಿಲೊ ಇಲ್ದೆಫೊನ್ಸೊ ಅವರಿಗೆ ಸಿಕ್ಕಿತು. ಆ ಬೇಸಿಗೆಯಲ್ಲಿ ಏಷ್ಯಾ ಒಲಿಂಪಿಕ್ಸಿನ ಬಾಗಿಲನ್ನು ಹಲವು ಕಡೆಯಿಂದ ತಟ್ಟಿತ್ತು. ಆ ಬಾಗಿಲನ್ನು ಮೊದಲು ತೆರೆದವರು ಯಾರು ಎಂಬ ಮಾತಿಗೆ ಮುಂದೆ ಬರುತ್ತೇನೆ, ಏಕೆಂದರೆ ಈ ನಡಿಗೆಯ ಬಗ್ಗೆ ನನಗಿರುವ ತಕರಾರು ಅಲ್ಲಿಯೇ ಇದೆ.

ಮ್ಯಾರಥಾನ್ ದ್ವಾರದ ಬಳಿ ಕೇಳಿದ್ದು ಬುಗೇರಾ ಎಲ್ ಊಆಫಿಯ ಕಥೆ. ಅಲ್ಜೀರಿಯಾದಲ್ಲಿ ಹುಟ್ಟಿ, ಫ್ರೆಂಚ್ ಸೇನೆಯಲ್ಲಿದ್ದು, ಪ್ಯಾರಿಸಿನ ಕಾರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈತ 1924ರ ಮ್ಯಾರಥಾನ್‌ನಲ್ಲಿ ಏಳನೆಯವನಾಗಿದ್ದವನು. ಇಲ್ಲಿ ಕೊನೆಯ ಕೆಲವು ಕಿಲೊಮೀಟರುಗಳಲ್ಲಿ ಮುನ್ನುಗ್ಗಿ 2 ಗಂಟೆ 32 ನಿಮಿಷ 57 ಸೆಕೆಂಡಿನಲ್ಲಿ ಈ ದ್ವಾರವನ್ನು ಹೊಕ್ಕ; ಅರ್ಧ ನಿಮಿಷವೂ ಆಗದಷ್ಟರಲ್ಲಿ ಚಿಲಿಯ ಮಾನುವೆಲ್ ಪ್ಲಾಸಾ ಹಿಂದೆಯೇ ಬಂದ. ಚಿನ್ನ ಸಂದದ್ದು ಫ್ರಾನ್ಸಿನ ಲೆಕ್ಕಕ್ಕೆ. ಗೆದ್ದ ಮೇಲೆ ಅಮೆರಿಕಕ್ಕೆ ಹೋಗಿ ಹಣಕ್ಕಾಗಿ ಓಡಿದನೆಂದು ಅವನ ಹವ್ಯಾಸಿ ಮಾನ್ಯತೆಯನ್ನು ಕಿತ್ತುಕೊಂಡರು. ಬಡತನದಲ್ಲಿ ಬದುಕಿ 1959ರಲ್ಲಿ ಪ್ಯಾರಿಸಿನ ಹತ್ತಿರ ಗುಂಡೇಟಿಗೆ ಬಲಿಯಾದ. ಇದನ್ನು ಕೇಳುತ್ತಿದ್ದಾಗ ನನಗೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ನೆನಪಾದರು. 1920ರಲ್ಲಿ ಇಲ್ಲಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದಾದ ಆಂಟ್‌ವರ್ಪ್‌ನಲ್ಲಿ, ಒಲಿಂಪಿಕ್ ಚರಿತ್ರೆಯ ಅತಿ ಉದ್ದದ ಮ್ಯಾರಥಾನ್ ಎನಿಸಿದ 42.75 ಕಿಲೊಮೀಟರನ್ನು ಓಡಿ 19ನೆಯವರಾದವರು ಅವರು. ಗುಂಪಿಗೆ ನಾನು ಆ ಹೆಸರನ್ನು ಹೇಳಿದಾಗ ಮಾರ್ಗದರ್ಶಿಗಳು ಎರಡು ಬಾರಿ ಉಚ್ಚರಿಸಿ ಸರಿಪಡಿಸಿಕೊಂಡರು. ಬಂದವರಿಂದ ಕಲಿಯುವ ಈ ಮನಸ್ಸು ಅವರ ದೊಡ್ಡ ಗುಣ.

ಇನ್ನು ಚೀಟಿಗಳ ವಿಷಯ. ಫೆಬ್ರುವರಿಯ ಚೀಟಿಯಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನ ಚಳಿಗಾಲದ ಒಲಿಂಪಿಕ್ಸ್ ಇದೆ. ಹದಿನೈದರ ಬಾಲೆ, ನಾರ್ವೆಯ ಸೊನ್ಯಾ ಹೆನಿ ಫಿಗರ್ ಸ್ಕೇಟಿಂಗ್‌ನಲ್ಲಿ ತನ್ನ ಮೂರು ಚಿನ್ನಗಳಲ್ಲಿ ಮೊದಲನೆಯದನ್ನು ಗೆದ್ದದ್ದು ಅಲ್ಲಿ. ಬಿಸಿಲೇರಿ ಮಂಜು ಕರಗಿದ್ದರಿಂದ 10,000 ಮೀಟರ್ ಸ್ಕೇಟಿಂಗ್ ಓಟವನ್ನು ಅರ್ಧಕ್ಕೇ ಕೈಬಿಟ್ಟದ್ದೂ ಅಲ್ಲಿ. ಮೇ ತಿಂಗಳ ಚೀಟಿಯಲ್ಲಿ ಇಂಗ್ಲೆಂಡಿನ ಎವರ್ಟನ್ ಫುಟ್‌ಬಾಲ್ ತಂಡದ ಡಿಕ್ಸಿ ಡೀನ್ ಲೀಗಿನ ಕೊನೆಯ ಪಂದ್ಯದಲ್ಲಿ ಮೂರು ಗೋಲು ಹೊಡೆದು ಒಂದೇ ಋತುವಿನಲ್ಲಿ 60 ಗೋಲುಗಳನ್ನು ಪೂರೈಸಿದ ಸಂಗತಿ ಇದೆ. ಜುಲೈಯಲ್ಲಿ ವಿಂಬಲ್ಡನ್ ಕಿರೀಟಗಳು ರೆನೆ ಲಾಕೊಸ್ಟ್ ಮತ್ತು ಹೆಲೆನ್ ವಿಲ್ಸ್ ಅವರಿಗೆ ಸಂದವು. ತಿಂಗಳ ಕೊನೆಗೆ ಡೇವಿಸ್ ಕಪ್ಪನ್ನು ಉಳಿಸಿಕೊಳ್ಳಲೆಂದೇ ಕಟ್ಟಿದ ಹೊಸ ರೋಲಾ ಗಾರೋಸ್ ಅಂಗಳದಲ್ಲಿ ಫ್ರಾನ್ಸ್ ಅಮೆರಿಕವನ್ನು 4–1ರಿಂದ ಸೋಲಿಸಿತು.

ಚೀಟಿಗಳಲ್ಲಿ ಬಡವಾಗಿರುವುದು ಕ್ರಿಕೆಟ್. ಹಾಲೆಂಡಿನವರಿಂದ ಅದನ್ನು ಹೆಚ್ಚಾಗಿ ನಿರೀಕ್ಷಿಸುವಂತಿಲ್ಲವಾದರೂ, 'ಜಗತ್ತಿನ ವರ್ಷ' ಎಂದು ಹೇಳಿಕೊಂಡ ಮೇಲೆ ಒಂದೇ ಸಾಲಿನಲ್ಲಿ ಮುಗಿಸುವಂಥದ್ದೂ ಅದಲ್ಲ. ಜೂನ್ 23ರಂದು ಲಾರ್ಡ್ಸ್‌ನಲ್ಲಿ ವೆಸ್ಟ್ ಇಂಡೀಸ್ ತನ್ನ ಮೊದಲ ಟೆಸ್ಟ್ ಆಡಲು ಇಳಿಯಿತು. ಆ ಸರಣಿಯ ಮೂರೂ ಪಂದ್ಯಗಳನ್ನು ಇನಿಂಗ್ಸ್ ಅಂತರದಿಂದ ಸೋತಿತು. ಅದೇ ಬೇಸಿಗೆಯಲ್ಲಿ ಕೆಂಟ್‌ನ ಲೆಗ್ ಸ್ಪಿನ್ನರ್ ಟಿಚ್ ಫ್ರೀಮನ್ ಒಂದು ಋತುವಿನಲ್ಲಿ 304 ವಿಕೆಟ್ ಪಡೆದರು. ಆ ಸಂಖ್ಯೆಯನ್ನು ಇಂದಿಗೂ ಯಾರೂ ಮುಟ್ಟಿಲ್ಲ. ನವೆಂಬರ್ 30ರಂದು ಬ್ರಿಸ್ಬೇನ್‌ನಲ್ಲಿ ಇಪ್ಪತ್ತು ವರ್ಷದ ಡಾನ್ ಬ್ರಾಡ್‌ಮನ್ ಮೊದಲ ಟೆಸ್ಟ್‌ಗೆ ಇಳಿದು 18 ಮತ್ತು 1 ರನ್ ಗಳಿಸಿದರು. ಇಂಗ್ಲೆಂಡ್ 675 ರನ್‌ಗಳಿಂದ ಗೆದ್ದಿತು, ರನ್ ಲೆಕ್ಕದಲ್ಲಿ ಅಷ್ಟು ದೊಡ್ಡ ಗೆಲುವು ಟೆಸ್ಟ್‌ಗಳಲ್ಲಿ ಮತ್ತೆ ಬಂದಿಲ್ಲ. ಬ್ರಾಡ್‌ಮನ್‌ರನ್ನು ಮುಂದಿನ ಪಂದ್ಯಕ್ಕೆ ಕೈಬಿಟ್ಟು, ಮೂರನೆಯದಕ್ಕೆ ಮರಳಿ ಕರೆದಾಗ ಮೆಲ್ಬರ್ನ್‌ನಲ್ಲಿ ಶತಕ ಬಂತು. 1928ರ ಡಿಸೆಂಬರಿನಲ್ಲಿಯೇ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. ಇವುಗಳಲ್ಲಿ ಬ್ರಾಡ್‌ಮನ್ ಒಬ್ಬರನ್ನು ಬಿಟ್ಟರೆ ಬೇರೇನೂ ಚೀಟಿಗಳಲ್ಲಿರಲಿಲ್ಲ. ಜನವರಿಯ ಚೀಟಿಯಂತೂ ಬಹುತೇಕ ಖಾಲಿ. ಆ ತಿಂಗಳು ಪಟಿಯಾಲಾದಲ್ಲಿ ನಮ್ಮ ಗಾಮಾ ಪೈಲ್ವಾನರು ಪೋಲೆಂಡಿನ ಜ್ಬಿಸ್ಕೊನನ್ನು ಒಂದು ನಿಮಿಷವೂ ಆಗದೊಳಗೆ ಚಿತ್ ಮಾಡಿದ್ದನ್ನು ಅಲ್ಲಿ ಬರೆಯಬಹುದಿತ್ತು. ಗರಡಿಯ ಮಣ್ಣಿನ ಕುಸ್ತಿಯನ್ನು ಅಂತರರಾಷ್ಟ್ರೀಯ ಫಲಿತಾಂಶವೆಂದು ಎಣಿಸಬೇಕು ಎಂಬುದರಲ್ಲಿ ಮೈಸೂರಿನವನಾದ ನನಗೆ ಸಂಶಯವಿಲ್ಲ.

ಫುಟ್‌ಬಾಲ್ ಭಾಗ ಮಾತ್ರ ಅಚ್ಚುಕಟ್ಟು. ಜೂನ್ 10ರಂದು ಉರುಗ್ವೆ ಮತ್ತು ಅರ್ಜೆಂಟೀನಾ ನಡುವಿನ ಒಲಿಂಪಿಕ್ ಅಂತಿಮ ಪಂದ್ಯ 1–1ರಲ್ಲಿ ಸಮನಾಗಿ, ಮೂರು ದಿನ ಬಿಟ್ಟು ಮತ್ತೆ ಆಡಿಸಿದಾಗ ಉರುಗ್ವೆ 2–1ರಿಂದ ಗೆದ್ದು 1924ರ ಚಿನ್ನವನ್ನು ಉಳಿಸಿಕೊಂಡಿತು. ಬ್ರಿಟನ್ನಿನ ಫುಟ್‌ಬಾಲ್ ಸಂಸ್ಥೆಗಳು ಆಟಗಾರರಿಗೆ ಕಳೆದುಕೊಂಡ ಕೂಲಿಯನ್ನು ಕೊಡಬಹುದೇ ಎಂಬ ಜಗಳದಲ್ಲಿ ಆ ವರ್ಷದ ಫೆಬ್ರುವರಿಯಲ್ಲೇ ಫಿಫಾವನ್ನು ಬಿಟ್ಟು ಹೊರಟಿದ್ದವು. ಹವ್ಯಾಸಿಗಳಿಗೆ ಮಾತ್ರ ಎನ್ನುವ ಒಲಿಂಪಿಕ್ ನಿಯಮದೊಳಗೆ ಫುಟ್‌ಬಾಲ್ ಇನ್ನು ಹಿಡಿಸಲಾರದೆಂದು ಅರಿತ ಫಿಫಾ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಭೆ ಸೇರಿ ಮೇ 26ರಂದು ತನ್ನದೇ ವಿಶ್ವ ಪಂದ್ಯಾವಳಿ ನಡೆಸುವ ನಿರ್ಣಯವನ್ನು ಅಂಗೀಕರಿಸಿತು. 1930ರಲ್ಲಿ ಮಾಂಟೆವಿಡಿಯೊದಲ್ಲಿ ನಡೆದ ಮೊದಲ ವಿಶ್ವ ಕಪ್ಪಿನ ಅಂತಿಮ ಪಂದ್ಯಕ್ಕೆ ಇಳಿದದ್ದು ಮತ್ತೆ ಇದೇ ಎರಡು ತಂಡಗಳು. ಕಾರಣದಿಂದ ಪರಿಣಾಮದವರೆಗೆ ಎಲ್ಲಿಯೂ ಎಳೆ ತಪ್ಪದ ಹಾಗೆ ಮಾರ್ಗದರ್ಶಿಗಳು ಇದನ್ನು ವಿವರಿಸಿದರು, ಮಾವನವರೂ ಮೆಚ್ಚಿಕೊಂಡರು.

ಆದರೆ ಅದೇ ಮೇ 26ರಂದು, ಅದೇ ಊರಿನಲ್ಲಿ, ನಾವು ನಿಂತಿದ್ದ ಈ ಅಂಗಳದಲ್ಲಿ ಇನ್ನೊಂದು ಘಟನೆಯೂ ನಡೆದಿತ್ತು. ಚೀಟಿಯ ಹಿಂಬದಿಯಲ್ಲಿ ಅದಕ್ಕೆ ಒಂದು ಸಾಲು ಇತ್ತು: 'ಹಾಕಿ: ಭಾರತ 3, ಹಾಲೆಂಡ್ 0'. ಮಾರ್ಗದರ್ಶಿಗಳು ನಮ್ಮ ಕಡೆ ನೋಡಿ ಮುಗುಳ್ನಕ್ಕು, ಧ್ಯಾನ್ ಚಂದ್ ಅವರ ಕೋಲಿನಲ್ಲಿ ಅಯಸ್ಕಾಂತವಿದೆಯೇ ಎಂದು ಮುರಿದು ನೋಡಿದರಂತೆ ಎಂಬ ಕಥೆಯನ್ನು ಹೇಳಿ ಮುಂದೆ ಸಾಗಿದರು. ಎರಡು ನಿಮಿಷವೂ ಆಗಿರಲಿಲ್ಲ. ಈ ವಿಮರ್ಶೆಯಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ: ಈ ನಡಿಗೆ ಜುಲೈ 28ರ ಜ್ಯೋತಿಯಿಂದ ಆರಂಭವಾಗುತ್ತದೆ, ಆದರೆ ಈ ಕ್ರೀಡಾಂಗಣದ ವರ್ಷ ಆರಂಭವಾದದ್ದು ಮೇ ತಿಂಗಳಲ್ಲಿ, ಹಾಕಿಯಿಂದ. ಅಯಸ್ಕಾಂತದ ದಂತಕಥೆ ಕೇಳಲು ರಂಜನೆಯಾಗಿರಬಹುದು. ನಡೆದ ಸಂಗತಿ ಅದಕ್ಕಿಂತ ಎಷ್ಟೋ ದೊಡ್ಡದು, ಅದಕ್ಕೆ ದಂತಕಥೆಯ ಊರುಗೋಲು ಬೇಕಿಲ್ಲ.

ಆ ಸಂಗತಿ ಹೀಗಿದೆ. ಭಾರತದ ಹಾಕಿ ಒಕ್ಕೂಟ ಹುಟ್ಟಿದ್ದೇ 1925ರಲ್ಲಿ, ಗ್ವಾಲಿಯರ್‌ನಲ್ಲಿ. ಮೂರೇ ವರ್ಷಕ್ಕೆ ಅದು ಒಲಿಂಪಿಕ್ಸಿಗೆ ತಂಡ ಕಳುಹಿಸಿತು. ಮಾರ್ಚ್ 10ರಂದು ಮುಂಬಯಿಯಿಂದ ಹಡಗು ಹತ್ತಿದ ಆ ತಂಡದಲ್ಲಿ ಸೈನಿಕರಿದ್ದರು, ಆಂಗ್ಲೋ-ಇಂಡಿಯನ್ನರಿದ್ದರು. ನಾಯಕರು ಛೋಟಾನಾಗಪುರದ ಮುಂಡಾ ಬುಡಕಟ್ಟಿನಲ್ಲಿ ಹುಟ್ಟಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಜೈಪಾಲ್ ಸಿಂಗ್. ಬ್ರಿಟಿಷರ ಕಾಲದ ಭಾರತೀಯ ನಾಗರಿಕ ಸೇವೆಯಾದ ಐಸಿಎಸ್‌ನ ತರಬೇತಿಯಲ್ಲಿದ್ದ ಅವರಿಗೆ ಆಡಲು ರಜೆ ಸಿಗಲಿಲ್ಲ. ರಜೆ ಇಲ್ಲದೆಯೇ ಬಂದರು, ಮುಂದೆ ಆ ನೌಕರಿಯನ್ನೇ ಬಿಟ್ಟರು. ಇದೇ ವ್ಯಕ್ತಿ ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿಗಳ ಪರವಾಗಿ ನಿಂತು ಮಾತನಾಡಿದವರು. ಮೇ 17ರಿಂದ ಆರಂಭವಾದ ಪಂದ್ಯಗಳಲ್ಲಿ ಭಾರತ ಆಸ್ಟ್ರಿಯಾವನ್ನು 6–0, ಬೆಲ್ಜಿಯಂ ತಂಡವನ್ನು 9–0, ಡೆನ್ಮಾರ್ಕ್ ತಂಡವನ್ನು 5–0, ಸ್ವಿಟ್ಜರ್ಲೆಂಡ್ ತಂಡವನ್ನು 6–0 ಅಂತರದಿಂದ ಸೋಲಿಸಿತು. ಭಿನ್ನಾಭಿಪ್ರಾಯದಿಂದ ಜೈಪಾಲ್ ಸಿಂಗ್ ಅಂತಿಮ ಪಂದ್ಯಕ್ಕೆ ಮೊದಲೇ ತಂಡವನ್ನು ಬಿಟ್ಟರು. ನಾಯಕತ್ವ ಎರಿಕ್ ಪಿನ್ನಿಗರ್ ಅವರ ಹೆಗಲಿಗೆ ಬಂತು. ಆಟಗಾರರಲ್ಲಿ ಹಲವರಿಗೆ ಮೈ ಸರಿ ಇರಲಿಲ್ಲ. ಅಂಥ ತಂಡ ತವರಿನ ಪ್ರೇಕ್ಷಕರ ಎದುರೇ ಹಾಲೆಂಡನ್ನು 3–0ರಿಂದ ಗೆದ್ದಿತು. ಐದು ಪಂದ್ಯ, 29 ಗೋಲು, ಅದರಲ್ಲಿ ಧ್ಯಾನ್ ಚಂದ್ ಒಬ್ಬರವೇ 14; ಗೋಲ್‌ಕೀಪರ್ ರಿಚರ್ಡ್ ಅಲೆನ್ ಇಡೀ ಕೂಟದಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಓಡಾ ಅವರ ಜಿಗಿತಕ್ಕೆ ಎರಡು ತಿಂಗಳು ಮೊದಲೇ, ಸ್ವಾತಂತ್ರ್ಯವಿಲ್ಲದ ಒಂದು ದೇಶ ಇಲ್ಲಿ ಏಷ್ಯಾದ ಮೊದಲ ಒಲಿಂಪಿಕ್ ಚಿನ್ನವನ್ನು ಗೆದ್ದಿತ್ತು. ಆ ವರ್ಷದ ಫಲಿತಾಂಶಗಳಲ್ಲಿ ಇದಕ್ಕೆ ಸಮನಾಗಿ ನಿಲ್ಲುವಂಥವು ನನ್ನ ಲೆಕ್ಕದಲ್ಲಿ ಎರಡೋ ಮೂರೋ.

ಇಷ್ಟನ್ನೂ ಅಲ್ಲಿ ಹೇಳಿದವರು ಮಾವನವರು. ಗುಂಪು ಮುಂದಿನ ತಾಣಕ್ಕೆ ಹೊರಟಿದ್ದಾಗ ಅವರು ಹುಲ್ಲಿನ ಅಂಚಿನಲ್ಲಿಯೇ ನಿಂತಿದ್ದರು. ನಿಧಾನವಾದ ಇಂಗ್ಲಿಷಿನಲ್ಲಿ, ಅಂಕಿಗಳನ್ನು ಬೆರಳು ಮಡಿಸಿ ಎಣಿಸುತ್ತ, ಹತ್ತು ನಿಮಿಷ ಮಾತನಾಡಿದರು. 1973ರ ವಿಶ್ವ ಕಪ್ಪಿನ ಅಂತಿಮ ಪಂದ್ಯದ ವಿಷಯಕ್ಕೂ ಬಂದರು. ಅದು ನಡೆದದ್ದು ಈಗ ನಮ್ಮ ಮನೆ ಇರುವ ಆಮ್‌ಸ್ಟೆಲ್‌ವೇನ್‌ನಲ್ಲಿ. ಕೊಡಗಿನವರಾದ ಎಂ.ಪಿ. ಗಣೇಶ್ ನಾಯಕರಾಗಿದ್ದ, ಬಿ.ಪಿ. ಗೋವಿಂದ ಆಡಿದ ಆ ಭಾರತ ತಂಡ ಹಾಲೆಂಡಿನೊಂದಿಗೆ 2–2ರಲ್ಲಿ ಸಮಬಲ ಸಾಧಿಸಿ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತಿತು. ಮಾವನವರು ಅದನ್ನು ರೇಡಿಯೊದಲ್ಲಿ ಕೇಳಿದ್ದವರು. ಕೇಳಿ ಅಂದು ರಾತ್ರಿ ಊಟ ಬಿಟ್ಟವರು. ಅವರು ಹೇಳುತ್ತಿದ್ದುದನ್ನು ಮಾರ್ಗದರ್ಶಿಗಳು ತಡೆಯಲಿಲ್ಲ, ಗಡಿಯಾರ ನೋಡಲಿಲ್ಲ. ಗುಂಪಿನಲ್ಲಿದ್ದ ಸ್ಥಳೀಯ ದಂಪತಿಗಳು ನಿಂತು ಕೇಳಿದರು. ಇಲ್ಲಿನ ಕ್ಲಬ್ಬಿನಲ್ಲಿ ಹಾಕಿ ಆಡುವ ನನ್ನ ಮಗಳು ಅಜ್ಜನ ಪಕ್ಕಕ್ಕೆ ಹೋಗಿ ನಿಂತಳು. ನಡಿಗೆ ಅರ್ಧ ಗಂಟೆ ಹೆಚ್ಚಾದದ್ದಕ್ಕೆ ಕಾರಣ ಇದು. ನಾನು ಕೊಟ್ಟ ಹಣಕ್ಕೆ ಪೂರ್ಣ ಬೆಲೆ ಬಂದ ಅರ್ಧ ಗಂಟೆಯೂ ಅದೇ.

ಬೇರೆ ಸಣ್ಣ ಮಾತುಗಳೂ ಇವೆ. ಆಸ್ಟ್ರೇಲಿಯಾದ ಬಾಬಿ ಪಿಯರ್ಸ್ ದೋಣಿ ಸ್ಪರ್ಧೆಯ ನಡುವೆ ಅಡ್ಡ ಬಂದ ಬಾತುಕೋಳಿಗಳಿಗೆ ದಾರಿ ಬಿಟ್ಟು ಆಮೇಲೂ ಗೆದ್ದ ಕಥೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಅದು ನಡೆದ ಸ್ಲೋಟನ್ ಕಾಲುವೆ ದೂರವೇನಿಲ್ಲ, ಆದರೂ ನಡಿಗೆಯಲ್ಲಿ ಅದನ್ನು ಸೇರಿಸಿಲ್ಲ. ಪಾವೊ ನುರ್ಮಿ 10,000 ಮೀಟರ್ ಗೆದ್ದದ್ದು ಮತ್ತು ಜಾನಿ ವೈಸ್‌ಮುಲ್ಲರ್ ಅವರ ಈಜು ಒಂದೊಂದು ವಾಕ್ಯದಲ್ಲಿ ಮುಗಿದವು. ಆ ಹೆಸರುಗಳು ಎಲ್ಲೆಡೆ ಸಿಗುವುದರಿಂದ ಅದು ನನಗೆ ಕೊರತೆ ಎನ್ನಿಸಲಿಲ್ಲ. ಮೊಣಕಾಲು ನೋವಿರುವವರು ಗ್ಯಾಲರಿಯ ಮೆಟ್ಟಿಲುಗಳ ಭಾಗವನ್ನು ಬಿಟ್ಟು ಕೆಳಗೇ ಕುಳಿತಿರಬಹುದು, ಅಲ್ಲಿಂದಲೂ ಧ್ವನಿ ಕೇಳಿಸುತ್ತದೆ. ಜೂನ್ ತಿಂಗಳಲ್ಲೂ ಅಂಗಳದೊಳಗೆ ಗಾಳಿ ಚುಚ್ಚುವಂತೆ ಬೀಸುತ್ತಿದ್ದುದರಿಂದ, ಊರಿನಿಂದ ಬಂದ ಹಿರಿಯರಿಗೆ ಒಂದು ಸ್ವೆಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಓಟದ ತರಬೇತಿ, ಸ್ಪರ್ಧೆಗಳು ಇಲ್ಲಿ ಇಂದಿಗೂ ನಡೆಯುತ್ತವೆ. ಆಮ್‌ಸ್ಟರ್‌ಡ್ಯಾಮ್ ಮ್ಯಾರಥಾನ್ ಹೊರಡುವುದೂ ಮುಗಿಯುವುದೂ ಇಲ್ಲೇ. ಆದ್ದರಿಂದ ಪಥದ ಮೇಲೆ ಕಾಲಿಡಲು ಎಲ್ಲ ದಿನವೂ ಆಗುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಬೇಕು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಮೇ ತಿಂಗಳ ಚೀಟಿಯದು. ಮರುದಿನ ನಾನು ಮಾರ್ಗದರ್ಶಿಗಳಿಗೆ ಧನ್ಯವಾದದ ಪತ್ರ ಬರೆದು, ನಡಿಗೆಯನ್ನು ಗೋಪುರದ ಬದಲು ಹುಲ್ಲಿನ ಅಂಗಳದಿಂದ, ಮೇ 26ರಿಂದ ಆರಂಭಿಸುವಂತೆ ಕೇಳಿಕೊಂಡೆ; ಐದು ಪಂದ್ಯಗಳ ಗೋಲುಗಳ ಪಟ್ಟಿಯನ್ನು ಮಾವನವರ ಕೈಬರಹದಲ್ಲಿಯೇ ಫೋಟೊ ತೆಗೆದು ಜೊತೆಗೆ ಕಳುಹಿಸಿದೆ. ಹೊಸ ಚೀಟಿಯನ್ನು ಬರೆಯುವುದಾಗಿಯೂ ಅದರಲ್ಲಿ ಜೈಪಾಲ್ ಸಿಂಗ್ ಮತ್ತು ಅಲೆನ್ ಇಬ್ಬರ ಹೆಸರೂ ಇರುವುದಾಗಿಯೂ ಅವರು ಉತ್ತರಿಸಿದ್ದಾರೆ. ಮುಂದಿನ ಮೇ ತಿಂಗಳ ಕೊನೆಯ ಶನಿವಾರಕ್ಕೆ ನಾನು ಮತ್ತೆ ಮೂವರ ಹೆಸರು ಕೊಟ್ಟಿದ್ದೇನೆ. ಹೋಗಬೇಕೆನ್ನುವವರು ಆ ಹೊತ್ತಿಗೆ ಹೋದರೆ, ಹಾಕಿ ನಡೆದ ದಿನಗಳಲ್ಲೇ ಆ ಹುಲ್ಲನ್ನು ನೋಡಬಹುದು.